ಇಎಕ್ಸ್‌ಇ ಕಡತವನ್ನು ನಂಬಬಹುದೇ? ಕ್ಲಿಕ್ಕಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ದೇವರಗುಡ್ಡ (ಹಾವೇರಿ ಜಿಲ್ಲೆ): ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನಡುವಿನ ಈ ಊರು ಮಾಲತೇಶ ಸ್ವಾಮಿಯ ಕಾರ್ಣಿಕಕ್ಕೆ ಹೆಸರುವಾಸಿ. ದಸರೆಯ ಸಂದರ್ಭದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ, ‘ಸದ್ದಲೇ’ ಎಂದು ನೆರೆದ ಜನಸ್ತೋಮವನ್ನು ಸುಮ್ಮನಾಗಿಸಿ ಒಂದೇ ಸಾಲಿನ ಭವಿಷ್ಯವಾಣಿಯನ್ನು ನುಡಿಯುತ್ತಾರೆ. ಆ ಒಂದು ಸಾಲಿಗೆ ರೈತರು ಮಳೆಯ ಅರ್ಥವನ್ನೂ, ವರ್ತಕರು ಮೆಣಸಿನಕಾಯಿ ದರದ ಅರ್ಥವನ್ನೂ, ರಾಜಕಾರಣಿಗಳು ಕುರ್ಚಿಯ ಅರ್ಥವನ್ನೂ ಹಚ್ಚಿಕೊಂಡು ಊರಿಗೆ ಮರಳುವುದು ವಾಡಿಕೆ.

ಅದೇ ಆಯುಧಪೂಜೆಯ ವೇಳೆಗೆ ಸುತ್ತಲಿನ ಊರುಗಳ ಡಿಟಿಪಿ ಅಂಗಡಿ, ಗ್ರಾಮ ಒನ್ ಕೇಂದ್ರ, ಸಹಕಾರ ಸಂಘಗಳ ಗಣಕಯಂತ್ರಗಳಿಗೂ ಕುಂಕುಮ, ಚೆಂಡುಹೂವು ಏರುತ್ತವೆ. ಹಾಗೆ ಪೂಜೆಗೊಂಡ ಯಂತ್ರಕ್ಕೇ ಮರುದಿನ ಯಾರೋ ತಂದ ಪೆನ್‌ಡ್ರೈವ್ ಸಿಕ್ಕಿಸಿ, ಅದರಲ್ಲಿರುವ ಗೊತ್ತಿಲ್ಲದ ಕಡತದ ಮೇಲೆ ಎರಡು ಸಲ ಕ್ಲಿಕ್ಕಿಸುವುದೂ ನಡೆದೇ ಇದೆ. ಪಹಣಿ, ಆಧಾರ್ ಪ್ರತಿ, ಸಂಘದ ಲೆಕ್ಕ, ಬ್ಯಾಂಕಿನ ಪಾಸ್‌ವರ್ಡ್ ಎಲ್ಲವೂ ಒಂದೇ ಯಂತ್ರದಲ್ಲಿರುವ ಕಡೆ ಆ ಒಂದು ಕ್ಲಿಕ್ಕಿನ ಬೆಲೆ ಅಂಗಡಿಯವರಿಗಷ್ಟೇ ಅಲ್ಲ, ಸರದಿಯಲ್ಲಿ ನಿಂತ ಗ್ರಾಹಕರಿಗೂ ತಟ್ಟುತ್ತದೆ. ಬೆಂಗಳೂರಿನ ಕಚೇರಿಗಳ ಸ್ಥಿತಿಯೇನೂ ಬೇರೆಯಲ್ಲ. ಅಲ್ಲಿ ಪೆನ್‌ಡ್ರೈವ್ ಬದಲು ಇ-ಮೇಲ್ ಇರುತ್ತದೆ ಅಷ್ಟೆ.

ಗಣಕಯಂತ್ರದಲ್ಲಿರುವ ಕಡತವೊಂದು ಸುರಕ್ಷಿತವೇ ಎಂಬುದನ್ನು ತಜ್ಞರ ನೆರವಿಲ್ಲದೆ ಎಷ್ಟರಮಟ್ಟಿಗೆ ತಿಳಿಯಬಹುದು? ಸಾಕಷ್ಟು ತಿಳಿಯಬಹುದು. ನೂರಕ್ಕೆ ನೂರು ಖಾತ್ರಿ ಮಾತ್ರ ಯಾವ ಪರೀಕ್ಷೆಯಿಂದಲೂ ಸಿಗದು.

ಬಾಲ ನೋಡಿ ಹಾವು ಗುರುತಿಸಿ

ಛಾಯಾಚಿತ್ರ, ಹಾಡು, ಪತ್ರ ಇವೆಲ್ಲ ಬೇರೊಂದು ತಂತ್ರಾಂಶ ಓದಿ ತೋರಿಸಬೇಕಾದ ಮಾಹಿತಿ. ಇಎಕ್ಸ್‌ಇ ಕಡತ ಹಾಗಲ್ಲ. ಅದು ಸ್ವತಃ ಆದೇಶಗಳ ಕಟ್ಟು. ಕ್ಲಿಕ್ಕಿಸಿದೊಡನೆ ಯಂತ್ರ ಆ ಆದೇಶಗಳನ್ನು ಮರುಮಾತಿಲ್ಲದೆ ಪಾಲಿಸತೊಡಗುತ್ತದೆ. ಬಳಕೆದಾರರಿಗೆ ಯಾವ ಕಡತ ತೆರೆಯುವ, ಅಳಿಸುವ, ಹೊರಗೆ ಕಳುಹಿಸುವ ಅಧಿಕಾರವಿದೆಯೋ ಅಷ್ಟೂ ಅಧಿಕಾರ ಆ ಕ್ಷಣದಿಂದ ಅದಕ್ಕೂ ದೊರೆಯುತ್ತದೆ. ಎಂಎಸ್‌ಐ, ಎಸ್‌ಸಿಆರ್, ಬಿಎಟಿ, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಎಂಬ ಬಾಲಂಗೋಚಿಗಳಿರುವ ಕಡತಗಳೂ ಇದೇ ಕುಲಕ್ಕೆ ಸೇರಿದವು.

ತೊಂದರೆಯೆಂದರೆ ವಿಂಡೋಸ್ ಈ ಬಾಲಂಗೋಚಿಯನ್ನೇ ಬಳಕೆದಾರರಿಂದ ಮರೆಮಾಚುತ್ತದೆ. ‘ಲಗ್ನಪತ್ರಿಕೆ.ಪಿಡಿಎಫ್.ಇಎಕ್ಸ್‌ಇ’ ಎಂಬ ಕಡತ ಪರದೆಯ ಮೇಲೆ ‘ಲಗ್ನಪತ್ರಿಕೆ.ಪಿಡಿಎಫ್’ ಎಂದಷ್ಟೇ ಕಾಣುತ್ತದೆ. ಅದಕ್ಕೊಂದು ಪಿಡಿಎಫ್ ಚಿಹ್ನೆಯನ್ನು ಅಂಟಿಸುವುದು ವಂಚಕರಿಗೆ ನಿಮಿಷದ ಕೆಲಸ, ಏಕೆಂದರೆ ಇಎಕ್ಸ್‌ಇ ಕಡತದ ಚಿಹ್ನೆಯನ್ನು ಅದನ್ನು ರಚಿಸಿದವರೇ ಆರಿಸುತ್ತಾರೆ. 2000ನೇ ಇಸವಿಯ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಇ-ಮೇಲ್ ವ್ಯವಸ್ಥೆಯನ್ನು ಬುಡಮೇಲು ಮಾಡಿದ ‘ಐ ಲವ್ ಯೂ’ ಹುಳು ಬಳಸಿದ್ದು ಇದೇ ಉಪಾಯವನ್ನು. ಪ್ರೇಮಪತ್ರದ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂದು ಕಾಣುತ್ತಿತ್ತು, ಅದರಾಚೆಗಿನ ವಿಬಿಎಸ್ ಕಾಣುತ್ತಿರಲಿಲ್ಲ.

ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕಲಿತವರಿಗೆ ‘ನ್ಯೂ ಫೋಲ್ಡರ್.ಇಎಕ್ಸ್‌ಇ’ಯ ನೆನಪು ಇದ್ದೇ ಇರುತ್ತದೆ. ಪೆನ್‌ಡ್ರೈವ್ ತೆರೆದರೆ ಹಳದಿ ಬಣ್ಣದ ಫೋಲ್ಡರ್ ಚಿತ್ರ, ಒಳಗೇನಿದೆಯೆಂದು ತೆರೆಯಲು ಹೋದರೆ ಅದು ಫೋಲ್ಡರ್ ಅಲ್ಲ, ಕಾರ್ಯಕ್ರಮ. ಒಬ್ಬ ವಿದ್ಯಾರ್ಥಿಯ ಪೆನ್‌ಡ್ರೈವ್‌ನಿಂದ ಇಡೀ ಕೊಠಡಿಯ ಯಂತ್ರಗಳಿಗೆ ಅದು ಹಬ್ಬುತ್ತಿತ್ತು. ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಕಾರ್ಯಕ್ರಮ ತಾನಾಗಿಯೇ ಚಾಲೂ ಆಗುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಕೈಬಿಟ್ಟಿತು. 2011ರ ಫೆಬ್ರುವರಿಯಲ್ಲಿ ಹಳೆಯ ಎಕ್ಸ್‌ಪಿ, ವಿಸ್ಟಾ ಆವೃತ್ತಿಗಳಿಗೂ ಆ ತಿದ್ದುಪಡಿ ಬಂತು. ತಾನಾಗಿ ಓಡುವುದು ನಿಂತಿತಾದರೂ ಫೋಲ್ಡರ್ ವೇಷ ತೊಟ್ಟು ಬಳಕೆದಾರರಿಂದಲೇ ಕ್ಲಿಕ್ಕಿಸಿಕೊಳ್ಳುವುದು ನಿಂತಿಲ್ಲ.

ಆದ್ದರಿಂದ ಮೊದಲ ಕೆಲಸ, ಬಾಲಂಗೋಚಿ ಕಾಣುವಂತೆ ಮಾಡಿಕೊಳ್ಳುವುದು. ವಿಂಡೋಸ್ 10ರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬ ಚೌಕಕ್ಕೆ ಗುರುತು ಹಾಕಬೇಕು. ವಿಂಡೋಸ್ 11ರಲ್ಲಿ ಇದು ‘ವ್ಯೂ’ ಒಳಗಿನ ‘ಶೋ’ ಎಂಬಲ್ಲಿದೆ. ಒಮ್ಮೆ ಮಾಡಿದರೆ ಸಾಕು, ಮತ್ತೆ ಮಾಡಬೇಕಿಲ್ಲ.

ಹೆಸರಿನ ಮೇಲೂ ನಂಬಿಕೆ ಸಾಲದಿದ್ದರೆ ಇನ್ನೊಂದು ದಾರಿಯಿದೆ. ಅನುಮಾನದ ಕಡತವನ್ನು ಕ್ಲಿಕ್ಕಿಸದೆ, ಮೊದಲು ನೋಟ್‌ಪ್ಯಾಡ್ ತೆರೆದು ಅದರ ಮೂಲಕ ಈ ಕಡತವನ್ನು ತೆರೆಯಬೇಕು. ನೋಟ್‌ಪ್ಯಾಡ್ ಕಡತವನ್ನು ಓಡಿಸುವುದಿಲ್ಲ, ಓದಿ ತೋರಿಸುತ್ತದೆ ಮಾತ್ರ. ಅರ್ಥವಾಗದ ಅಕ್ಷರಗಳ ರಾಶಿಯ ಮೊಟ್ಟಮೊದಲಲ್ಲಿ ಎಂ ಮತ್ತು ಝಡ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಇಎಕ್ಸ್‌ಇ ಕುಲದ್ದೇ ಎಂದು ತಿಳಿಯಬಹುದು. ಮೈಕ್ರೋಸಾಫ್ಟ್‌ನಲ್ಲಿ ಈ ವಿನ್ಯಾಸವನ್ನು ರೂಪಿಸಿದ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳಿವು. ನಿಜವಾದ ಪಿಡಿಎಫ್ ಕಡತದ ಆರಂಭದಲ್ಲಿ ಶೇಕಡಾ ಚಿಹ್ನೆಯೊಡನೆ ಪಿಡಿಎಫ್ ಎಂಬ ಅಕ್ಷರಗಳೇ ಇರುತ್ತವೆ.

ಎಲ್ಲಿಂದ ಬಂತು?

ಕನ್ನಡಿಗರ ಮಟ್ಟಿಗೆ ಇಎಕ್ಸ್‌ಇ ಕಡತದ ಪ್ರಶ್ನೆ ಹೆಚ್ಚಾಗಿ ಎದುರಾಗುವುದು ಕನ್ನಡ ಬೆರಳಚ್ಚಿಸುವ ತಂತ್ರಾಂಶಗಳ ವಿಚಾರದಲ್ಲೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ರೂಪಿಸಿದ ‘ನುಡಿ’ ಬಂತು. ಸರ್ಕಾರಿ ಕಚೇರಿಗಳಲ್ಲಿ, ನ್ಯಾಯಾಲಯದ ಆವರಣದ ಬೆರಳಚ್ಚುಗಾರರಲ್ಲಿ, ಮುದ್ರಣಾಲಯಗಳಲ್ಲಿ ನುಡಿ ಇಲ್ಲದ ಯಂತ್ರ ಸಿಗುವುದು ಕಷ್ಟ. ಹಳೆಯ ಕಡತಗಳು ಹಳೆಯ ಅಕ್ಷರವಿನ್ಯಾಸದಲ್ಲೇ ಉಳಿದಿರುವುದರಿಂದ ಹಳೆಯ ಆವೃತ್ತಿಗಳಿಗೂ ಇಂದಿಗೂ ಬೇಡಿಕೆಯಿದೆ.

ಈ ಪ್ರತಿಗಳು ಅಂಗಡಿಯಿಂದ ಅಂಗಡಿಗೆ ದಾಟಿದ್ದು ಹೇಗೆ? ಬಹುಪಾಲು ಕೈಯಿಂದ ಕೈಗೆ. ಮೊದಲು ಸಿ.ಡಿ., ಆಮೇಲೆ ಪೆನ್‌ಡ್ರೈವ್, ಈಗ ವಾಟ್ಸ್‌ಆ್ಯಪ್. ಅಂತರಜಾಲದಲ್ಲಿ ಹೆಸರು ಹಾಕಿ ಹುಡುಕಿದರೆ ಮೂಲ ಸಂಸ್ಥೆಯ ತಾಣದ ಜೊತೆಜೊತೆಗೆ, ಎಲ್ಲ ತಂತ್ರಾಂಶಗಳನ್ನೂ ಗುಡ್ಡೆಹಾಕಿಕೊಂಡು ಜಾಹೀರಾತಿನಿಂದ ಬದುಕುವ ಮೂರನೆಯವರ ತಾಣಗಳೂ ಎದುರಾಗುತ್ತವೆ. ಅಂತಹ ತಾಣದಲ್ಲಿ ಕಣ್ಣಿಗೆ ಕುಕ್ಕುವ ಹಸಿರು ‘ಡೌನ್‌ಲೋಡ್’ ಗುಂಡಿ ಅನೇಕ ವೇಳೆ ನಾವು ಬಯಸಿದ ತಂತ್ರಾಂಶದ್ದಾಗಿರದೆ ಜಾಹೀರಾತಿನದ್ದಾಗಿರುತ್ತದೆ. ಮೂಲ ತಂತ್ರಾಂಶ ಎಷ್ಟೇ ನಿಷ್ಕಳಂಕವಾಗಿದ್ದರೂ ಹತ್ತು ಕೈ ದಾಟಿ ಬಂದ ಪ್ರತಿ ಅದೇ ಆಗಿರಬೇಕೆಂದಿಲ್ಲ. ದಾರಿಯಲ್ಲಿ ಒಂದೇ ಒಂದು ಸೋಂಕಿತ ಯಂತ್ರ ಸಿಕ್ಕಿದರೂ ಅದಕ್ಕೆ ಇನ್ನೇನೋ ಅಂಟಿಕೊಂಡಿರಲು ಸಾಧ್ಯ.

ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ‘ಕ್ರ್ಯಾಕ್’ ಆವೃತ್ತಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಆ್ಯಂಟಿವೈರಸ್ ಅನ್ನು ಆಫ್ ಮಾಡಿ ಇದನ್ನು ಓಡಿಸಿ’ ಎಂಬ ಸೂಚನೆಯೊಡನೆ ಬರುವ ಕಡತವನ್ನು ಪರೀಕ್ಷಿಸುವ ಶ್ರಮವೂ ಬೇಡ, ಅಳಿಸಿಬಿಡಬಹುದು.

ಇಲ್ಲೊಂದು ಮಾತು. ಕನ್ನಡ ಟೈಪಿಸಲು ಇಎಕ್ಸ್‌ಇ ಬೇಕೇಬೇಕೆಂದೂ ಇಲ್ಲ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದಲೂ ಕನ್ನಡ ಯೂನಿಕೋಡ್ ಬೆಂಬಲವಿದೆ. 2019ರ ಮೇ ತಿಂಗಳ ಪರಿಷ್ಕರಣೆಯಿಂದ ವಿಂಡೋಸ್ 10ರಲ್ಲಿ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆಯೂ ಸೇರಿದೆ. ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಹೊರಗಿನಿಂದ ಏನನ್ನೂ ತರದೆ ಕನ್ನಡದಲ್ಲಿ ಬರೆಯಬಹುದು. ಹಳೆಯ ನುಡಿ, ಬರಹ ಕಡತಗಳ ಕೆಲಸವಿಲ್ಲದವರು ಈ ದಾರಿಯನ್ನು ಯೋಚಿಸುವುದು ಲೇಸು.

ಸಹಿ ಇದೆಯೇ?

ಹೆಸರು, ಮೂಲ ಎರಡೂ ಸರಿಯೆನಿಸಿದ ಬಳಿಕ ನೋಡಬೇಕಾದದ್ದು ಡಿಜಿಟಲ್ ಸಹಿ. ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ, ಸಹಿ ಇರುವ ಕಡತವಾದಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಪುಟ ಕಾಣುತ್ತದೆ. ಸಹಿದಾರರ ಹೆಸರನ್ನು ಆಯ್ದು ‘ಡೀಟೇಲ್ಸ್’ ಒತ್ತಿದಾಗ ಸಹಿ ಸರಿಯಾಗಿದೆ ಎಂಬ ಒಕ್ಕಣೆ ಬರಬೇಕು. ಹೆಸರು ಇದ್ದ ಮಾತ್ರಕ್ಕೆ ಸಾಲದು, ಆ ಒಕ್ಕಣೆಯೇ ಮುಖ್ಯ. ಪುಟವೇ ಇಲ್ಲದಿದ್ದರೆ ಸಹಿ ಇಲ್ಲವೆಂದರ್ಥ.

ಸಹಿಯಿಂದ ಎರಡು ಸಂಗತಿ ತಿಳಿಯುತ್ತದೆ. ಕಡತ ಯಾರ ಹೆಸರಿನಲ್ಲಿ ಹೊರಬಿದ್ದಿದೆ ಎಂಬುದು ಒಂದು, ಆ ಬಳಿಕ ಅದರಲ್ಲಿ ಒಂದಕ್ಷರವೂ ಬದಲಾಗಿಲ್ಲ ಎಂಬುದು ಇನ್ನೊಂದು. ಸಹಿ ಹಾಕಿದವರು ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ಅದು ಹೇಳುವುದಿಲ್ಲ. ನೋಂದಣಿ ಕಚೇರಿಯ ಮೊಹರು ಪತ್ರದ ಮೇಲಿದ್ದ ಮಾತ್ರಕ್ಕೆ ಜಮೀನಿನ ವ್ಯಾಜ್ಯ ತೀರಿತೆಂದು ಹಳ್ಳಿಯವರೂ ನಂಬುವುದಿಲ್ಲವಷ್ಟೆ.

ಸಹಿಯನ್ನೇ ಕದ್ದ ಪ್ರಸಂಗಗಳೂ ಇವೆ. ಇರಾನಿನ ಅಣು ಸ್ಥಾವರವನ್ನು ಗುರಿಯಾಗಿಸಿದ್ದ, 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಹುಳುವಿನ ಕಡತಗಳ ಮೇಲೆ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಸಹಿಗಳಿದ್ದವು. 2017ರ ಸಿಕ್ಲೀನರ್ ಪ್ರಕರಣ ಸಾಮಾನ್ಯ ಬಳಕೆದಾರರಿಗೆ ಇನ್ನೂ ಹತ್ತಿರದ್ದು. ಯಂತ್ರದ ಕಸ ಗುಡಿಸಲೆಂದು ನಮ್ಮಲ್ಲೂ ಸಾಕಷ್ಟು ಮಂದಿ ಹಾಕಿಕೊಂಡಿದ್ದ ಈ ತಂತ್ರಾಂಶದ 5.33ನೇ ಆವೃತ್ತಿಯೊಳಕ್ಕೆ ದುಷ್ಕರ್ಮಿಗಳು ತಯಾರಕರ ಬಳಿಯೇ ನುಸುಳಿ ತಮ್ಮ ಆದೇಶಗಳನ್ನು ಸೇರಿಸಿದ್ದರು. ಅದು ಆಗಸ್ಟ್ 15ರಿಂದ ಸುಮಾರು ನಾಲ್ಕು ವಾರ ಅಧಿಕೃತ ತಾಣದಲ್ಲೇ, ಅಧಿಕೃತ ಸಹಿಯೊಡನೆಯೇ ಲಭ್ಯವಿತ್ತು. ಸುಮಾರು 22.7 ಲಕ್ಷ ಯಂತ್ರಗಳು ಅದನ್ನು ಇಳಿಸಿಕೊಂಡಿದ್ದವೆಂದು ಕಂಪನಿಯೇ ಹೇಳಿತು.

ನಮ್ಮ ದೇಶದಲ್ಲೂ ಇದಕ್ಕೆ ಹೋಲುವ ಘಟನೆ ನಡೆದಿದೆ. ಭಾರತದ ಇಸ್ಕ್ಯಾನ್ ಆ್ಯಂಟಿವೈರಸ್‌ನ ಪರಿಷ್ಕರಣೆಗಳು ಗೂಢಲಿಪಿಯ ರಕ್ಷಣೆಯಿಲ್ಲದ ಸಂಪರ್ಕದ ಮೂಲಕ ರವಾನೆಯಾಗುತ್ತಿದ್ದುದನ್ನು ಬಳಸಿಕೊಂಡು, ನಡುದಾರಿಯಲ್ಲಿ ಅವುಗಳ ಜಾಗಕ್ಕೆ ದುಷ್ಟ ಕಡತಗಳನ್ನು ಇಡಲಾಗುತ್ತಿತ್ತು ಎಂಬುದನ್ನು ಅವಾಸ್ಟ್ ಸಂಶೋಧಕರು 2024ರ ಏಪ್ರಿಲ್‌ನಲ್ಲಿ ಬಹಿರಂಗಪಡಿಸಿದರು. ‘ಗುಪ್ತಿಮೈನರ್’ ಎಂದು ಅದಕ್ಕೆ ಹೆಸರಿಟ್ಟರು. ವರದಿ ಹೊರಬೀಳುವ ಮೊದಲೇ ಕಂಪನಿ ಆ ಲೋಪವನ್ನು ಸರಿಪಡಿಸಿತ್ತು. ಕಾವಲುಗಾರನಿಗೆ ಬರುತ್ತಿದ್ದ ಬುತ್ತಿಯಲ್ಲೇ ವಿಷ ಬೆರೆತಂತಾಗಿತ್ತು.

ಹಾಗೆಂದು ಸಹಿ ನೋಡುವುದೇ ದಂಡವೆಂದು ಭಾವಿಸಬಾರದು. ಮೇಲಿನವು ಭಾರೀ ಶ್ರಮ, ಹಣ ಹೂಡಿದವರ ಕೃತ್ಯಗಳು. ದಿನನಿತ್ಯ ಇ-ಮೇಲಿನಲ್ಲಿ ಬರುವ ಮಾಮೂಲಿ ವಂಚಕರಲ್ಲಿ ದೊಡ್ಡ ಕಂಪನಿಯ ಹೆಸರಿನ ಅಸಲಿ ಸಹಿ ಇರುವುದಿಲ್ಲ. ಮೈಕ್ರೋಸಾಫ್ಟ್‌ನದೆಂದು ಹೇಳಿಕೊಳ್ಳುವ ಕಡತದಲ್ಲಿ ಮೈಕ್ರೋಸಾಫ್ಟ್ ಸಹಿಯಿಲ್ಲವೆಂದರೆ ವಿಚಾರಣೆ ಅಲ್ಲಿಗೇ ಮುಗಿಯಿತು.

ಕಡತದ ಬೆರಳಚ್ಚು

ಸಹಿಯಿಲ್ಲದ ಕಡತಗಳಿಗೆ ಉಪಯುಕ್ತವಾದ ಇನ್ನೊಂದು ವಿಧಾನವಿದೆ. ಯಾವುದೇ ಕಡತವನ್ನು ಎಸ್‌ಎಚ್‌ಎ-256 ಎಂಬ ಗಣಿತ ಸೂತ್ರಕ್ಕೆ ಒಡ್ಡಿದರೆ 64 ಅಂಕಿ-ಅಕ್ಷರಗಳ ಒಂದು ಸಾಲು ದೊರೆಯುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಕಡತದ ಬೆರಳಚ್ಚು ಎಂದರೂ ಸಲ್ಲುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಇಡೀ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಕಾರ್ಣಿಕದ ಒಂದು ಸಾಲಿಗೆ ಹತ್ತು ಅರ್ಥ ಹೇಳಬಹುದು, ಈ ಸಾಲಿಗೆ ಮಾತ್ರ ಆ ಅವಕಾಶವಿಲ್ಲ. ಹೊಂದುತ್ತದೆ, ಇಲ್ಲವೇ ಹೊಂದುವುದಿಲ್ಲ.

ಇದಕ್ಕಾಗಿ ಬೇರೆ ತಂತ್ರಾಂಶ ಬೇಕಿಲ್ಲ. ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್ ತೆರೆದು, ‘ಗೆಟ್-ಫೈಲ್‌ಹ್ಯಾಶ್’ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಬರೆದು, ಒಂದು ಅಂತರ ಬಿಟ್ಟು, ಪರೀಕ್ಷಿಸಬೇಕಾದ ಕಡತವನ್ನು ಮೌಸ್‌ನಿಂದ ಎಳೆದು ಆ ಕಿಟಕಿಯೊಳಗೆ ಬಿಟ್ಟರೆ ಅದರ ಪೂರ್ಣ ವಿಳಾಸ ತಾನಾಗಿ ಮೂಡುತ್ತದೆ. ಎಂಟರ್ ಒತ್ತಿದೊಡನೆ ಬೆರಳಚ್ಚು ಕಾಣುತ್ತದೆ. ಈ ಕ್ರಿಯೆಯಲ್ಲಿ ಕಡತ ಚಾಲೂ ಆಗುವುದಿಲ್ಲವಾದ್ದರಿಂದ ಭಯಪಡಬೇಕಿಲ್ಲ.

ತಯಾರಕರು ತಮ್ಮ ತಾಣದಲ್ಲಿ ಬೆರಳಚ್ಚನ್ನು ಪ್ರಕಟಿಸಿದ್ದರೆ ಎರಡನ್ನೂ ಹೋಲಿಸಿ ನೋಡಬಹುದು. ಆರಂಭದ ನಾಲ್ಕು, ಕೊನೆಯ ನಾಲ್ಕು ಅಕ್ಷರ ಮಾತ್ರ ನೋಡಿ ಕೈಬಿಡುವುದು ಸಾಮಾನ್ಯ ಅಭ್ಯಾಸ. ಪೂರ್ತಿ ಸಾಲನ್ನೇ ಹೋಲಿಸುವುದು ಕ್ಷೇಮ. ಇನ್ನೊಂದು ಮಿತಿಯನ್ನೂ ಓದುಗರು ಗಮನಿಸಬೇಕು. ಕಡತ ಮತ್ತು ಬೆರಳಚ್ಚು ಎರಡೂ ಒಂದೇ ತಾಣದಲ್ಲಿದ್ದು, ಆ ತಾಣವೇ ದುಷ್ಕರ್ಮಿಗಳ ವಶವಾಗಿದ್ದರೆ ಅವರು ಎರಡನ್ನೂ ಬದಲಿಸಿರುತ್ತಾರೆ. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ತಮ್ಮ ಕಲಬೆರಕೆ ಪ್ರತಿಯತ್ತ ತಿರುಗಿಸಿದ್ದುಂಟು.

ಎಪ್ಪತ್ತು ವೈದ್ಯರ ಅಭಿಪ್ರಾಯ

ಸ್ಪೇನಿನ ಮಲಗಾ ನಗರದಲ್ಲಿ 2004ರಲ್ಲಿ ಆರಂಭವಾಗಿ, 2012ರಿಂದ ಗೂಗಲ್ ಒಡೆತನದಲ್ಲಿರುವ ವೈರಸ್‌ಟೋಟಲ್ ಎಂಬ ತಾಣ ಈ ವಿಷಯದಲ್ಲಿ ಬಹಳ ಉಪಕಾರಿ. ಅಲ್ಲಿಗೆ ಕಡತವನ್ನು ಸಲ್ಲಿಸಿದರೆ ಸುಮಾರು 70 ಆ್ಯಂಟಿವೈರಸ್‌ಗಳು ಅದನ್ನು ಪರೀಕ್ಷಿಸಿ ತಂತಮ್ಮ ಅಭಿಪ್ರಾಯ ನೀಡುತ್ತವೆ. ಶುಲ್ಕವಿಲ್ಲ.

ಆದರೆ ಕಡತವನ್ನು ಸಲ್ಲಿಸುವುದಕ್ಕೆ ಮೊದಲು ಅದರ ಬೆರಳಚ್ಚನ್ನು ಹಾಕಿ ಹುಡುಕುವುದು ಉತ್ತಮ. ಬೇರೆ ಯಾರಾದರೂ ಈಗಾಗಲೇ ಅದೇ ಕಡತವನ್ನು ಪರೀಕ್ಷಿಸಿದ್ದರೆ ಫಲಿತಾಂಶ ತಕ್ಷಣವೇ ಸಿಗುತ್ತದೆ. ಅಲ್ಲದೆ, ಅಲ್ಲಿಗೆ ಸಲ್ಲಿಸಿದ ಕಡತಗಳು ಗೌಪ್ಯವಾಗಿ ಉಳಿಯುವುದಿಲ್ಲ. ಚಂದಾ ತೆತ್ತ ಭದ್ರತಾ ಸಂಸ್ಥೆಗಳು ಅವುಗಳನ್ನು ಇಳಿಸಿಕೊಳ್ಳಬಲ್ಲವು. ಸಂಘದ ಸದಸ್ಯರ ಪಟ್ಟಿ, ಗ್ರಾಹಕರ ಆಧಾರ್ ಪ್ರತಿಗಳಿರುವ ಜಿಪ್ ಕಡತವನ್ನು ‘ವೈರಸ್ ಇದೆಯೇ ನೋಡೋಣ’ ಎಂದು ಅಲ್ಲಿಗೆ ಏರಿಸುವುದು ಕಳ್ಳನ ಭಯಕ್ಕೆ ಮನೆಯ ಬೀಗದ ಕೈಯನ್ನು ಬೀದಿಯಲ್ಲಿ ತೂಗುಹಾಕಿದಂತೆ.

ಫಲಿತಾಂಶವನ್ನು ಓದುವುದರಲ್ಲೇ ಹೆಚ್ಚಿನವರು ಎಡವುವುದು. ಎಪ್ಪತ್ತರಲ್ಲಿ ಮೂವತ್ತು, ನಲವತ್ತು ಪರೀಕ್ಷಕರು ಕೆಂಪು ಬಾವುಟ ತೋರಿದರೆ ಮಾತಿಲ್ಲ. ಒಂದೋ ಎರಡೋ ಅಪರಿಚಿತ ಹೆಸರಿನವು ಮಾತ್ರ ತೋರಿದ್ದರೆ, ಅದರಲ್ಲೂ ರೋಗದ ಹೆಸರಿನಲ್ಲಿ ‘ಜೆನೆರಿಕ್’, ‘ಹ್ಯೂರಿಸ್ಟಿಕ್’ ಎಂಬ ಪದಗಳಿದ್ದರೆ, ಅದು ತಪ್ಪು ಎಚ್ಚರಿಕೆಯಾಗಿರುವ ಸಂಭವ ಹೆಚ್ಚು. ನಿರ್ದಿಷ್ಟ ರೋಗವನ್ನು ಗುರುತಿಸಿಲ್ಲ, ಲಕ್ಷಣ ಕಂಡು ಶಂಕಿಸಿದೆ ಎಂಬುದೇ ಅದರ ತಾತ್ಪರ್ಯ. ‘ಪಿಯುಎ’ ಎಂದಿದ್ದರೆ ಬೇಡದ ಜಾಹೀರಾತುಗಳನ್ನೋ ಹೆಚ್ಚುವರಿ ತಂತ್ರಾಂಶಗಳನ್ನೋ ಜೊತೆಗೆ ತುರುಕುವ ಕಡತವೆಂದು ತಿಳಿಯಬೇಕು.

ಒಂದೂ ಬಾವುಟ ಇಲ್ಲದಿದ್ದರೆ? ಆಗ ನೋಡಬೇಕಾದದ್ದು ಆ ಕಡತ ಮೊದಲ ಬಾರಿಗೆ ಅಲ್ಲಿಗೆ ಬಂದ ದಿನಾಂಕ. ಐದು ವರ್ಷದಿಂದ ಸಾವಿರಾರು ಮಂದಿ ಪರೀಕ್ಷಿಸಿದ ಕಡತಕ್ಕೆ ಶೂನ್ಯ ಬಂದಿದ್ದರೆ ಅದು ಭರವಸೆ. ಇಂದು ಬೆಳಿಗ್ಗೆಯಷ್ಟೇ ಮೊದಲ ಸಲ ಕಂಡುಬಂದ ಕಡತಕ್ಕೆ ಶೂನ್ಯ ಬಂದಿದ್ದರೆ ಅದರಿಂದ ಏನೂ ತಿಳಿಯದು. ಹೊಸ ರೋಗವನ್ನು ವೈದ್ಯರು ಇನ್ನೂ ಕಂಡಿರದಿರಬಹುದು. ತುರ್ತಿಲ್ಲದಿದ್ದರೆ ಎರಡು ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸುವುದು ಜಾಣತನ.

ಕನ್ನಡ ತಂತ್ರಾಂಶಗಳ ಪೇಚು

ಕೀಲಿಮಣೆ ತಂತ್ರಾಂಶಗಳಲ್ಲಿ ತಪ್ಪು ಎಚ್ಚರಿಕೆ ಬರುವುದಕ್ಕೆ ವಿಶೇಷ ಕಾರಣವೊಂದಿದೆ. ಬಳಕೆದಾರರು ಒತ್ತಿದ ಪ್ರತಿಯೊಂದು ಕೀಲಿಯನ್ನು ಬೇರೆ ತಂತ್ರಾಂಶಕ್ಕೆ ತಲುಪುವ ಮೊದಲೇ ತಡೆದು, ಅದರ ಬದಲಿಗೆ ಕನ್ನಡ ಅಕ್ಷರವನ್ನು ಮುಂದಕ್ಕೆ ಕಳಿಸುವುದೇ ಇಂತಹ ಹಲವು ತಂತ್ರಾಂಶಗಳ ಕೆಲಸದ ರೀತಿ. ಪಾಸ್‌ವರ್ಡ್ ಕದಿಯುವ ‘ಕೀಲಾಗರ್’ ಎಂಬ ದುಷ್ಟ ತಂತ್ರಾಂಶ ಮಾಡುವುದೂ ಇದನ್ನೇ, ಅಕ್ಷರ ಬದಲಿಸುವ ಬದಲು ಬರೆದಿಟ್ಟುಕೊಂಡು ಕಳ್ಳರಿಗೆ ರವಾನಿಸುತ್ತದೆ. ಹೊರಗಿನಿಂದ ನೋಡುವ ಆ್ಯಂಟಿವೈರಸ್‌ಗೆ ಇಬ್ಬರ ನಡಿಗೆಯೂ ಒಂದೇ ತೆರನಾಗಿ ಕಾಣಬಹುದು.

ಇದರ ಜೊತೆಗೆ ವಿಂಡೋಸ್‌ನ ‘ಸ್ಮಾರ್ಟ್‌ಸ್ಕ್ರೀನ್’ ಎಂಬ ನೀಲಿ ಪರದೆಯ ಎಚ್ಚರಿಕೆ ಬೇರೆ. ಅಂತರಜಾಲದಿಂದ ಇಳಿಸಿದ ಕಡತಕ್ಕೆ ಸಹಿ ಇಲ್ಲದಿದ್ದರೆ, ಜಗತ್ತಿನಲ್ಲಿ ಅದನ್ನು ಬಳಸಿದವರು ಕಡಿಮೆಯಿದ್ದರೆ ಆ ಪರದೆ ಅಡ್ಡ ಬರುತ್ತದೆ. ಅಮೆರಿಕದ ತಂತ್ರಾಂಶವನ್ನು ಕೋಟಿಗಟ್ಟಲೆ ಜನ ಇಳಿಸಿಕೊಳ್ಳುತ್ತಾರೆ, ಕನ್ನಡದ ಪುಟ್ಟ ಪರಿವರ್ತಕವನ್ನು ಕೆಲವು ಸಾವಿರ ಮಂದಿ. ಹೀಗಾಗಿ ಒಳ್ಳೆಯ ಕನ್ನಡ ತಂತ್ರಾಂಶವೂ ಅನುಮಾನಿತರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಸಹಿಗೆ ಬೇಕಾದ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ಹಣ ತೆತ್ತು ನವೀಕರಿಸಬೇಕು. 2023ರ ಜೂನ್‌ನಿಂದ ಅದರ ಗುಪ್ತಕೀಲಿಯನ್ನು ಪ್ರತ್ಯೇಕ ಯಂತ್ರಾಂಶದಲ್ಲೇ ಇಡಬೇಕೆಂಬ ನಿಯಮವೂ ಬಂದಿದೆ. ಸಂಜೆ ಬಿಡುವಿನಲ್ಲಿ ಕನ್ನಡಕ್ಕಾಗಿ ತಂತ್ರಾಂಶ ಬರೆದು ಉಚಿತವಾಗಿ ಹಂಚುವವರಿಗೆ ಇದು ಹೊರೆಯೇ ಸರಿ.

ಇದರ ನಿಜವಾದ ಹಾನಿ ಬೇರೆಡೆ ಇದೆ. ‘ಮೋರ್ ಇನ್ಫೋ’ ಒತ್ತಿ, ಆಮೇಲೆ ‘ರನ್ ಎನಿವೇ’ ಒತ್ತಿ ಎಂದು ತರಬೇತಿ ಕೇಂದ್ರಗಳಲ್ಲೇ ಹೇಳಿಕೊಡಲಾಗುತ್ತಿದೆ. ಎಚ್ಚರಿಕೆಯನ್ನು ದಾಟುವುದೇ ಕನ್ನಡ ಅಳವಡಿಸುವ ವಿಧಾನ ಎಂಬಂತಾಗಿದೆ. ಹೀಗೆ ಹತ್ತು ಸಲ ದಾಟಿ ಅಭ್ಯಾಸವಾದ ಕೈ ಹನ್ನೊಂದನೆಯ ಸಲ, ನಿಜವಾದ ದುಷ್ಟ ಕಡತ ಎದುರಾದಾಗಲೂ ತಡೆಯದೆ ದಾಟುತ್ತದೆ. ಸರ್ಕಾರದ ಹಣದಲ್ಲಿ ತಯಾರಾಗುವ ಪ್ರತಿಯೊಂದು ಕನ್ನಡ ತಂತ್ರಾಂಶಕ್ಕೂ ಡಿಜಿಟಲ್ ಸಹಿಯನ್ನು ಕಡ್ಡಾಯಗೊಳಿಸುವುದು, ಸ್ವಯಂಸೇವಕರ ತಂತ್ರಾಂಶಗಳ ಬೆರಳಚ್ಚುಗಳನ್ನಾದರೂ ಒಂದೆಡೆ ಅಧಿಕೃತವಾಗಿ ಪ್ರಕಟಿಸುವುದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅಸಾಧ್ಯವಾದ ಖರ್ಚೇನೂ ಅಲ್ಲ. ರಾಜ್ಯೋತ್ಸವದ ಒಂದು ವೇದಿಕೆಯ ಅಲಂಕಾರಕ್ಕಿಂತ ಹೆಚ್ಚಾಗಲಾರದು.

ಪೆನ್‌ಡ್ರೈವ್‌ನಲ್ಲಿ ಬಂದ ಕಡತಕ್ಕೆ ಸಾಮಾನ್ಯವಾಗಿ ಈ ನೀಲಿ ಪರದೆಯೂ ಅಡ್ಡ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಅಂತರಜಾಲದಿಂದ ಬಂದದ್ದೆಂಬ ಗುರುತು ಕಡತದ ಮೇಲಿದ್ದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ, ಪೆನ್‌ಡ್ರೈವ್‌ಗೆ ನಕಲಾಗುವಾಗ ಆ ಗುರುತು ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಎಚ್ಚರಿಕೆ ಬಾರದಿದ್ದುದನ್ನು ಸುರಕ್ಷತೆಯ ಲಕ್ಷಣವೆಂದು ಎಣಿಸುವಂತಿಲ್ಲ.

ಪ್ರತ್ಯೇಕ ಕೋಣೆಯಲ್ಲಿ ಪರೀಕ್ಷೆ

ಇಷ್ಟಾದ ಮೇಲೂ ಸಂಶಯ ಉಳಿದಿದ್ದು, ಆ ತಂತ್ರಾಂಶ ಬೇಕೇಬೇಕೆಂದಿದ್ದರೆ ವಿಂಡೋಸ್ 10 ಮತ್ತು 11ರ ‘ಪ್ರೊ’ ಆವೃತ್ತಿಗಳಲ್ಲಿ ‘ವಿಂಡೋಸ್ ಸ್ಯಾಂಡ್‌ಬಾಕ್ಸ್’ ಎಂಬ ಸೌಲಭ್ಯವಿದೆ. ಯಂತ್ರದೊಳಗೇ ಒಂದು ಪ್ರತ್ಯೇಕ ಯಂತ್ರದಂತೆ ಅದು ತೆರೆದುಕೊಳ್ಳುತ್ತದೆ. ಅದರೊಳಗೆ ಕಡತವನ್ನು ಓಡಿಸಿ ನೋಡಿ, ಮುಚ್ಚಿದೊಡನೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ‘ಹೋಮ್’ ಆವೃತ್ತಿಯವರಿಗೆ ಈ ಭಾಗ್ಯವಿಲ್ಲ. ಪ್ರತ್ಯೇಕ ಕೋಣೆಯಲ್ಲಿದ್ದೇನೆಂದು ಗುರುತಿಸಿ ಸಾಧುವಿನಂತೆ ನಟಿಸುವ ಕಡತಗಳೂ ಇರುವುದರಿಂದ ಇದನ್ನೂ ಅಂತಿಮ ತೀರ್ಪೆಂದು ಭಾವಿಸುವಂತಿಲ್ಲ.

ದಿನದ ಕೆಲಸಕ್ಕೆ ‘ಅಡ್ಮಿನಿಸ್ಟ್ರೇಟರ್’ ಅಧಿಕಾರವಿಲ್ಲದ ಸಾಧಾರಣ ಖಾತೆಯನ್ನು ಬಳಸುವುದು ಇವೆಲ್ಲಕ್ಕಿಂತ ಸುಲಭದ ರಕ್ಷಣೆ. ಲಗ್ನಪತ್ರಿಕೆ ನೋಡಲೆಂದು ತೆರೆದ ಕಡತ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಅದರ ಬಣ್ಣ ಬಯಲಾಗುತ್ತದೆ. ಅನುಮತಿ ಕೇಳುವ ಕಿಟಕಿಯಲ್ಲಿ ಪ್ರಕಾಶಕರು ‘ಅನ್‌ನೋನ್’ ಎಂದಿದೆಯೇ ಎಂಬುದನ್ನು ಓದಿಯೇ ಮುಂದುವರಿಯಬೇಕು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿರುವುದನ್ನೂ ಹಳೆಯ ಯಂತ್ರವುಳ್ಳವರು ಗಮನದಲ್ಲಿಡಬೇಕು. 2017ರ ಮೇ ತಿಂಗಳ ವಾನಾಕ್ರೈ ಹುಳು ಯಾರೂ ಕ್ಲಿಕ್ಕಿಸುವುದಕ್ಕೂ ಕಾಯದೆ, ಪರಿಷ್ಕರಿಸದ ಯಂತ್ರಗಳನ್ನು ತಾನೇ ಹುಡುಕಿಕೊಂಡು ಹೋಗಿತ್ತು.

ಮೊಬೈಲ್‌ನಲ್ಲಿ ಇಎಕ್ಸ್‌ಇ ಸ್ಥಾನದಲ್ಲಿರುವುದು ಎಪಿಕೆ ಕಡತ. ಮದುವೆಯ ಆಮಂತ್ರಣ, ಸಂಚಾರ ದಂಡದ ನೋಟಿಸ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆಗಳ ಬಗ್ಗೆ ಪೊಲೀಸರು ಮೇಲಿಂದ ಮೇಲೆ ಎಚ್ಚರಿಸುತ್ತಿದ್ದಾರೆ. ಪರೀಕ್ಷಿಸುವ ಗೋಜಿಗೆ ಹೋಗದೆ ಅಳಿಸುವುದೇ ಸೂಕ್ತ. ಆಮಂತ್ರಣವನ್ನು ಎಪಿಕೆ ರೂಪದಲ್ಲಿ ಯಾವ ಬೀಗರೂ ಕಳಿಸುವುದಿಲ್ಲ.

ಕ್ಲಿಕ್ಕಿಸಿಯಾಗಿದ್ದರೆ

ಗೊತ್ತಿಲ್ಲದೆ ಓಡಿಸಿಯಾಗಿದ್ದರೆ ಮೊದಲು ವೈಫೈ ಅಥವಾ ಜಾಲದ ತಂತಿಯನ್ನು ಕಳಚಬೇಕು, ಸಿಕ್ಕಿಸಿರುವ ಪೆನ್‌ಡ್ರೈವ್ ಮತ್ತು ಬ್ಯಾಕಪ್ ಡಿಸ್ಕ್‌ಗಳನ್ನು ತೆಗೆಯಬೇಕು. ಬ್ಯಾಂಕ್, ಇ-ಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು, ಆದರೆ ಅದೇ ಯಂತ್ರದಿಂದಲ್ಲ. ಬೇರೊಂದು ಯಂತ್ರದಿಂದ ಇಲ್ಲವೇ ಮೊಬೈಲ್‌ನಿಂದ. ಕಚೇರಿಯ ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿದ್ದರೆ ಅದನ್ನೂ ಕೂಡಲೇ ತೆಗೆದು ಮೇಲಧಿಕಾರಿಗಳಿಗೆ ತಿಳಿಸಬೇಕು. ಬಳಿಕ ವಿಂಡೋಸ್ ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ನಡೆಸಬೇಕು. ಯಂತ್ರವನ್ನು ಮರುಚಾಲನೆಗೊಳಿಸಿ, ವಿಂಡೋಸ್ ಪೂರ್ತಿಯಾಗಿ ಏಳುವ ಮೊದಲೇ ಅದು ತಪಾಸಣೆ ಮಾಡುವುದರಿಂದ ಅಡಗಿ ಕೂತ ಕಡತಗಳೂ ಸಿಕ್ಕಿಬೀಳುವ ಸಂಭವವಿದೆ. ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಸೋಂಕು ತೆಗೆಯುವ ಉಚಿತ ಸಾಧನಗಳಿವೆ.

ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಕೈಗೆ ಸಿಗದಂತಾಗುವ ಮೊದಲೇ ದೂರು ತಲುಪಿದರೆ ತಡೆಹಿಡಿಯಲು ಅವಕಾಶವಿರುತ್ತದೆ. ಹಾವೇರಿಯೂ ಸೇರಿದಂತೆ ಜಿಲ್ಲಾ ಕೇಂದ್ರಗಳಲ್ಲಿರುವ ಸಿಇಎನ್ ಪೊಲೀಸ್ ಠಾಣೆಗಳಲ್ಲಿ ಲಿಖಿತ ದೂರು ನೀಡಬಹುದು. ಠಾಣೆಗೆ ಹೋಗುವ ಮೊದಲು ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ಬೇಡ. ಅಂಗಡಿಯವರು ಮೊದಲು ಸೂಚಿಸುವುದು ಅದನ್ನೇ, ಆದರೆ ತನಿಖೆಗೆ ಬೇಕಾದ ಕುರುಹುಗಳೂ ಅದರೊಡನೆ ಅಳಿಸಿಹೋಗುತ್ತವೆ. ಕಡತ ಬಂದ ಇ-ಮೇಲ್ ಅಥವಾ ವಾಟ್ಸ್‌ಆ್ಯಪ್ ಸಂದೇಶವನ್ನು, ಪೆನ್‌ಡ್ರೈವ್ ಆಗಿದ್ದರೆ ಅದನ್ನೇ, ಹಾಗೆಯೇ ತೆಗೆದಿರಿಸಿ ದೂರಿನೊಂದಿಗೆ ಒಯ್ಯಬೇಕು.